ಬೆಳಗಾವಿ ನಮ್ಮದೇ, ಆದ್ರೆ ಉಲ್ಲೇಖ ಎಲ್ಲಿ?

ಮೊದಲೇ ಹೇಳಿಬಿಡ್ತೀನಿ, ನಾನು ಓದಿದ್ದೆಲ್ಲ ಇಂಗ್ಲಿಷ್ ಮೀಡಿಯಂ. ಕನ್ನಡ ಸೆಕೆಂಡ್ ಲ್ಯಾಂಗ್ವೇಜ್. ಒತ್ತಕ್ಷರ ತಪ್ಪಿದ್ರೆ ಸಂಘದ ಸೀನಿಯರ್‌ಗಳು ತಿದ್ದಿರ್ತಾರೆ. ವಿಷಯ ತಪ್ಪಿದ್ರೆ ಮಾತ್ರ ನೀವು ತಿದ್ದಬೇಕು, ಯಾಕಂದ್ರೆ ಈ ಬರಹ ಇರೋದೇ ತಪ್ಪು ತಿದ್ದೋದರ ಬಗ್ಗೆ.

2023ರ ಸೆಪ್ಟೆಂಬರ್. ನಾನಾಗ ಪಿಯುಸಿ. ಮಳೆ ಕೈ ಕೊಟ್ಟಿತ್ತು, ಕನ್ನಂಬಾಡಿ ಕಟ್ಟೆ ತುಂಬಿರಲಿಲ್ಲ, ತಮಿಳುನಾಡಿಗೆ ನೀರು ಬಿಡಿ ಅಂತ ಆದೇಶ ಬಂದಿತ್ತು. 26ಕ್ಕೆ ಬೆಂಗಳೂರು ಬಂದ್, 29ಕ್ಕೆ ಕರ್ನಾಟಕ ಬಂದ್. ನನ್ನ ಅಮ್ಮನ ತವರು ಶ್ರೀರಂಗಪಟ್ಟಣ ತಾಲ್ಲೂಕು. ಸೋದರಮಾವ ಊರವರ ಜೊತೆ ರಸ್ತೆಗೆ ಹೋಗಿ ಕೂತಿದ್ರು. ನಾನು ಮನೇಲಿ ಕೂತು ನನ್ನ ಪಾಲಿನ ಹೋರಾಟ ಶುರು ಮಾಡಿದೆ. ಇಂಗ್ಲಿಷ್ ವಿಕಿಪೀಡಿಯದಲ್ಲಿ ಕಾವೇರಿ ವಿವಾದದ ಪುಟ ತೆಗೆದೆ, ಒಂದು ಖಾತೆ ಮಾಡ್ಕೊಂಡೆ, ಮೂರು ಸಾಲು ಸೇರಿಸಿದೆ. 1924ರ ಒಪ್ಪಂದವನ್ನು ಬ್ರಿಟಿಷರು ಮೈಸೂರಿನ ಕುತ್ತಿಗೆ ಹಿಡಿದು ಮಾಡಿಸಿದ್ರು. ಅವತ್ತಿಂದ ತಮಿಳುನಾಡು ನಮ್ಮ ನೀರು ಕದೀತಾ ಇದೆ. ಮಂಡ್ಯದ ರೈತರೆಲ್ಲ ಕಾವೇರಿ ನಂಬಿ ಕೆಟ್ಟರು. ಇಷ್ಟೇ.

ಹತ್ತು ನಿಮಿಷ ಇರಲಿಲ್ಲ, ಮೂರೂ ಸಾಲು ಮಾಯ. ಕಾರಣ ಕೊಟ್ಟಿದ್ದು ಎರಡೇ ಮಾತು: ಉಲ್ಲೇಖ ಇಲ್ಲ, ತಟಸ್ಥ ಅಲ್ಲ. ಮತ್ತೆ ಹಾಕಿದೆ. ಮತ್ತೆ ತೆಗೆದರು. ತೆಗೆದವನು ತಮಿಳಿನವನೇ ಇರಬೇಕು ಅಂತ ನಿರ್ಧಾರ ಮಾಡಿ, ಅವನ ಹಳೇ ಎಡಿಟ್‌ಗಳ ಪಟ್ಟಿ ತೆಗೆದು ನೋಡಿದೆ. ಹಿಂದಿನ ದಿನ ಅದೇ ಪುಟದಲ್ಲಿ ಇನ್ನೊಬ್ಬರು ಕರ್ನಾಟಕವನ್ನು ಬೈದು ಒಂದು ಸಾಲು ಹಾಕಿದ್ದರು. ಅದನ್ನೂ ಅವನೇ ತೆಗೆದಿದ್ದ, ಅವೇ ಎರಡು ಕಾರಣ ಕೊಟ್ಟು. ನನ್ನ ಕೋಪಕ್ಕೆ ಕೂರಲು ಜಾಗವೇ ಇಲ್ಲದ ಹಾಗಾಯ್ತು.

ಹಠಕ್ಕೆ ಬಿದ್ದು ಉಲ್ಲೇಖ ಹುಡುಕೋಕೆ ಕೂತೆ. 2018ರ ಫೆಬ್ರವರಿ 16ರಂದು ಸುಪ್ರೀಂ ಕೋರ್ಟ್ ಕೊಟ್ಟ ತೀರ್ಪು ಸಿಕ್ಕಿತು. ಒಪ್ಪಂದ ಬಲವಂತದ್ದು, ಅದಕ್ಕೇ ಅನ್ಯಾಯದ್ದು ಎಂಬ ಕರ್ನಾಟಕದ ವಾದವನ್ನು ಕೋರ್ಟ್ ಒಪ್ಪಿರಲಿಲ್ಲ. ಅಂದ್ರೆ ನನ್ನ ಮೊದಲ ಸಾಲು ಢಮಾರ್. ಆದರೆ ಅದೇ ತೀರ್ಪು, 50 ವರ್ಷ ತುಂಬಿದ ಮೇಲೆ 1974ಕ್ಕೆ ಆ ಒಪ್ಪಂದದ ಅವಧಿ ಮುಗಿಯಿತು ಎಂದೂ ಹೇಳಿತ್ತು. 2007ರ ನ್ಯಾಯಮಂಡಳಿ ಐತೀರ್ಪಿನಲ್ಲಿ ಕರ್ನಾಟಕಕ್ಕೆ 270 ಟಿಎಂಸಿ ಇದ್ದದ್ದು 284.75 ಆಯಿತು, ತಮಿಳುನಾಡಿಗೆ 419 ಇದ್ದದ್ದು 404.25 ಆಯಿತು. ಅಂದ್ರೆ ಅದೇ ತೀರ್ಪಿನಲ್ಲಿ ನಮಗೆ ಬೇಕಾದ್ದೂ ಇತ್ತು, ಬೇಡದ್ದೂ ಇತ್ತು. ಬೇಕಾದ್ದನ್ನು ಮಾತ್ರ ಕತ್ತರಿಸಿ ತಂದರೆ ಅದು ಪ್ರಚಾರ. ಎರಡನ್ನೂ ತಂದರೆ ಮಾತ್ರ ಮಾಹಿತಿ.

ಇನ್ನು ನನ್ನ ಮೂರನೇ ಸಾಲು, 'ಮಂಡ್ಯದ ರೈತರೆಲ್ಲ' ಅನ್ನೋದು. ಅದನ್ನು ಬೀಳಿಸಿದ್ದು ಕೋರ್ಟಲ್ಲ, ನಮ್ಮ ಅಜ್ಜ. ಅಪ್ಪನ ಊರು ನಾಗಮಂಗಲ ತಾಲ್ಲೂಕು. ನಮ್ಮ ಹೊಲಕ್ಕೆ ಕಾವೇರಿಯ ಒಂದು ತೊಟ್ಟೂ ಬರಲ್ಲ. ರಾಗಿ, ಹುರುಳಿ, ಮಳೆ ಬಂದ್ರೆ ಬೆಳೆ. "ನಿಮ್ಮ ಮಾವ್ನೋರ್ಗೆ ನಾಲೆ ಬತ್ತು ಅಂತ ಬೇಜಾರು, ನಮ್ಗೆ ನಾಲೇನೇ ಇಲ್ವಲ್ಲ ಕೂಸೇ" ಅಂದ್ರು ಅಜ್ಜ. ಕೆ.ಆರ್. ಪೇಟೆ ಕಡೆ ಹೋದರೆ ಮಾತೆಲ್ಲ ಹೇಮಾವತಿ ನೀರಿಂದು. ಪಾಂಡವಪುರ ತಾಲ್ಲೂಕಿನ ಹೊಸ ಕನ್ನಂಬಾಡಿಯಲ್ಲಿ ಇರೋದು, ಕಟ್ಟೆ ಕಟ್ಟಿದಾಗ ಮುಳುಗಿದ ಹಳೇ ಊರಿಂದ ಎತ್ತಿ ತಂದು ಮತ್ತೆ ಕಟ್ಟಿದ ವೇಣುಗೋಪಾಲಸ್ವಾಮಿ ದೇವಸ್ಥಾನ. ಒಂದೇ ಕಟ್ಟೆ. ಒಂದು ತಾಲ್ಲೂಕಿಗೆ ಅನ್ನ, ಇನ್ನೊಂದಕ್ಕೆ ಮುಳುಗಿದ ಊರಿನ ನೆನಪು, ಮತ್ತೊಂದಕ್ಕೆ ದೂರದ ಸುದ್ದಿ. ನಮ್ಮ ಒಂದು ಜಿಲ್ಲೆಯೊಳಗೇ 'ನಾವು' ಅನ್ನೋ ಪದ ಇಷ್ಟು ಅಲ್ಲಾಡುತ್ತೆ ಅಂದ್ಮೇಲೆ, ಎರಡು ರಾಜ್ಯದ ನಡುವಿನ ಜಗಳದ ಪುಟದಲ್ಲಿ ಆ ಪದಕ್ಕೆ ಜಾಗ ಎಲ್ಲಿ?

ಇದು ನೀರಿನ ಕತೆ. ನೆಲದ ಕತೆಗೆ ನಾನು ಬಂದಿದ್ದು ಹಾಸ್ಟೆಲ್‌ಗೆ ಸೇರಿದ ಮೇಲೆ.

ನನ್ನ ರೂಮ್‌ಮೇಟ್ ನಿಪ್ಪಾಣಿ ಕಡೆಯವನು. ಮನೇಲಿ ಮರಾಠಿ, ಶಾಲೆಯಲ್ಲಿ ಕನ್ನಡ, ನನ್ನ ಹತ್ರ ಧಾರವಾಡ ಕನ್ನಡ, ಮ್ಯಾಥ್ಸ್ ಬಂದ್ರೆ ಮೌನ. ಕಳೆದ ನವೆಂಬರ್ 1ಕ್ಕೆ ನಾವೆಲ್ಲ ಅರಿಶಿನ ಕೆಂಪು ಶಾಲು ಹಾಕ್ಕೊಂಡು ಕುಣೀತಿದ್ವಿ. ಅವನು ಹೇಳಿದ: ಅವತ್ತೇ ಬೆಳಗಾವಿಯಲ್ಲಿ ಮಹಾರಾಷ್ಟ್ರ ಏಕೀಕರಣ ಸಮಿತಿಯವರು ಕರಾಳ ದಿನ ಮಾಡ್ತಾರೆ, ಕನ್ನಡ ಸಂಘಟನೆಗಳು ದೊಡ್ಡ ಮೆರವಣಿಗೆ ಮಾಡ್ತಾರೆ, ನಮ್ಮಜ್ಜಿ ಮಾತ್ರ ಅಂಗಡಿ ಬೇಗ ಮುಚ್ತಾಳೆ. ಅವತ್ತು ರಾತ್ರಿ ಇಬ್ಬರೂ ಸೇರಿ ಬೆಳಗಾವಿಯ ಬಗ್ಗೆ ಕನ್ನಡ, ಮರಾಠಿ, ಇಂಗ್ಲಿಷ್ ಮೂರರಲ್ಲೂ ಓದೋಕೆ ಕೂತ್ವಿ. ಅವನು ಮರಾಠಿಯದ್ದು ನನಗೆ ಹೇಳ್ತಿದ್ದ, ನಾನು ಕನ್ನಡದ್ದು ಗಟ್ಟಿಯಾಗಿ ಓದ್ತಿದ್ದೆ. ಎಲ್ಲರೂ ಒಪ್ಪುವ ಭಾಗ ನೋಡಿದರೆ ಬಹಳ ಚಿಕ್ಕದೇನಲ್ಲ.

ಬೆಳಗಾವಿ ಜಿಲ್ಲೆ ಮುಂಬೈ ರಾಜ್ಯದಲ್ಲಿತ್ತು. 1956ರ ನವೆಂಬರ್ 1ರಂದು ಅದು ಮೈಸೂರು ರಾಜ್ಯಕ್ಕೆ ಬಂತು, ಅದರ ಚಂದಗಡ ತಾಲ್ಲೂಕು ಮಾತ್ರ ಮುಂಬೈ ರಾಜ್ಯದಲ್ಲೇ ಉಳಿಯಿತು. 1960ರಲ್ಲಿ ಮಹಾರಾಷ್ಟ್ರ ಆಯಿತು, ಬೇಡಿಕೆ ಮುಂದುವರಿಯಿತು. 1966ರ ಅಕ್ಟೋಬರ್‌ನಲ್ಲಿ ಕೇಂದ್ರ ಸರ್ಕಾರ ನಿವೃತ್ತ ಮುಖ್ಯ ನ್ಯಾಯಮೂರ್ತಿ ಮೆಹರ್ ಚಂದ್ ಮಹಾಜನ್ ಅವರ ಏಕಸದಸ್ಯ ಆಯೋಗ ನೇಮಿಸಿತು. 1967ರ ಆಗಸ್ಟ್‌ನಲ್ಲಿ ವರದಿ ಬಂತು. ಬೆಳಗಾವಿ ನಗರ ಮೈಸೂರಿನಲ್ಲೇ ಇರಲಿ ಎಂದಿತು. ಮಹಾರಾಷ್ಟ್ರ ತಿರಸ್ಕರಿಸಿತು. 2004ರಲ್ಲಿ ಮಹಾರಾಷ್ಟ್ರ ಸುಪ್ರೀಂ ಕೋರ್ಟಿಗೆ ಹೋಯಿತು. 2022ರ ಡಿಸೆಂಬರ್‌ನಲ್ಲಿ ಒಂದು ವಾರದ ಅಂತರದಲ್ಲಿ ಎರಡೂ ರಾಜ್ಯಗಳ ವಿಧಾನಮಂಡಲ ಒಂದರ ವಿರುದ್ಧ ಒಂದು ನಿರ್ಣಯ ಮಾಡಿದವು. ಇಲ್ಲಿವರೆಗೂ ನನಗೂ ನನ್ನ ರೂಮ್‌ಮೇಟ್‌ಗೂ ಜಗಳ ಇಲ್ಲ.

ಜಗಳ ಶುರುವಾಗೋದು ಒಂದು ಕ್ರಿಯಾಪದದಿಂದ. ಮಹಾಜನ್ ವರದಿ ಬಗ್ಗೆ ಪತ್ರಿಕೆಗಳಲ್ಲಿ ಎರಡು ಸಂಖ್ಯೆ ಬರುತ್ತವೆ, 264 ಮತ್ತು 247. 264 ಹಳ್ಳಿಗಳು ಮಹಾರಾಷ್ಟ್ರಕ್ಕೆ ಹೋಗಬೇಕು ಎಂಬಲ್ಲಿ ಹೆಚ್ಚಿನ ವರದಿಗಳದ್ದು ಒಂದೇ ಮಾತು. ಆದರೆ 247 ಹಳ್ಳಿಗಳ ಬಗ್ಗೆ ಕೆಲವು ವರದಿಗಳು 'ಕರ್ನಾಟಕದಲ್ಲೇ ಉಳಿಯಬೇಕು' ಅನ್ನುತ್ತವೆ, ಇನ್ನು ಕೆಲವು 'ಕರ್ನಾಟಕಕ್ಕೆ ಬರಬೇಕು' ಅಂದು ಜತ್, ಅಕ್ಕಲಕೋಟೆ, ಸೊಲ್ಲಾಪುರದ ಹೆಸರು ಹೇಳುತ್ತವೆ. ಉಳಿಯೋದಕ್ಕೂ ಬರೋದಕ್ಕೂ ಎಷ್ಟು ವ್ಯತ್ಯಾಸ ಅಂತ ಹಾಸ್ಟೆಲ್ ರೂಮ್ ಅಲಾಟ್‌ಮೆಂಟ್ ನೋಡಿದವರಿಗೆ ಹೇಳಬೇಕಾಗಿಲ್ಲ! ಒಬ್ಬರು ಬರೆದದ್ದನ್ನು ಇನ್ನೊಬ್ಬರು ನಕಲು ಮಾಡುವಾಗ ಸಂಖ್ಯೆ ಸರಿಯಾಗಿ ಬರುತ್ತೆ, ಕ್ರಿಯಾಪದ ಬದಲಾಗಿಬಿಡುತ್ತೆ. ಆಮೇಲೆ ಎರಡೂ ಕಡೆಯವರು ಒಂದೇ ವರದಿ ಹಿಡಿದು ಕಿರುಚಾಡ್ತಾರೆ. ಇದಕ್ಕೆ ಮದ್ದು ಒಂದೇ, ಪತ್ರಿಕೆ ಬಿಟ್ಟು ಮೂಲ ವರದಿಯ ಶಿಫಾರಸಿನ ಅಧ್ಯಾಯಕ್ಕೆ ಹೋಗಿ ಪುಟ ಸಂಖ್ಯೆ ಸಮೇತ ಉಲ್ಲೇಖ ಕೊಡೋದು. ಲ್ಯಾಬ್ ರೆಕಾರ್ಡ್‌ನಲ್ಲಿ ಪಕ್ಕದವನ ರೀಡಿಂಗ್ ಕಾಪಿ ಮಾಡಿದರೆ ಅವನ ತಪ್ಪೂ ನಮ್ಮದಾಗುತ್ತೆ ಅಲ್ವಾ, ಹಾಗೇ.

ಇದಕ್ಕಿಂತ ಕಷ್ಟದ್ದು ಇನ್ನೊಂದಿದೆ. 1951ರ ಜನಗಣತಿ ಪ್ರಕಾರ ಬೆಳಗಾವಿ ನಗರದಲ್ಲಿ ಕನ್ನಡಕ್ಕಿಂತ ಮರಾಠಿ ಮಾತಾಡುವವರು ಹೆಚ್ಚಿದ್ದರು. ಇದನ್ನು ಟೈಪ್ ಮಾಡೋವಾಗ ನನ್ನ ಕೈ ನಿಜವಾಗ್ಲೂ ತಡೀತು. ಬರೆದರೆ ನಾನೇ ನಮ್ಮ ಗೋಲ್‌ಪೋಸ್ಟ್‌ಗೆ ಬಾಲ್ ಹೊಡೆದ ಹಾಗೆ ಅನ್ನಿಸಿತು. ಆದರೆ ಈ ಸಾಲು ಬಿಟ್ಟರೆ ಮಹಾಜನ್ ಹೇಳಿದ್ದು ಅರ್ಥವೇ ಆಗಲ್ಲ. ನಗರದ ಭಾಷೆ ಒಂದನ್ನೇ ನೋಡಲಿಲ್ಲ ಅವರು. ನಗರದ ಮೂರು ಕಡೆ ಕನ್ನಡ ಪ್ರದೇಶ ಇರೋದನ್ನೂ ಗಣನೆಗೆ ತಗೊಂಡರು. ನಮಗೆ ಬೇಡವಾದ ಸತ್ಯವನ್ನು ಮುಚ್ಚಿಟ್ಟರೆ, ನಮ್ಮ ಪರವಾದ ತೀರ್ಮಾನ ಯಾವ ಆಧಾರದ ಮೇಲೆ ನಿಂತಿದೆ ಎಂಬುದೂ ಮುಚ್ಚಿಹೋಗುತ್ತೆ. ಹಾಗೇ, ಮಹಾಜನ್ ವರದಿಯೇ ಅಂತಿಮ ಎನ್ನುವ ನಾವು, ಆ 264 ಹಳ್ಳಿ ಮಹಾರಾಷ್ಟ್ರಕ್ಕೆ ಕೊಡಿ ಎಂದ ಸಾಲನ್ನೂ ಓದಿಯೇ ಹಾಗನ್ನಬೇಕು.

ಈಗ ದಕ್ಷಿಣಕ್ಕೆ ಬನ್ನಿ, ಕಾಸರಗೋಡಿಗೆ. ಮಂಜೇಶ್ವರದ ಗೋವಿಂದ ಪೈ, ಕಯ್ಯಾರ ಕಿಞ್ಞಣ್ಣ ರೈ ಇವರ ಊರು. ಮದ್ರಾಸ್ ರಾಜ್ಯದ ದಕ್ಷಿಣ ಕನ್ನಡ ಜಿಲ್ಲೆಯಲ್ಲಿದ್ದ ತಾಲ್ಲೂಕು 1956ರಲ್ಲಿ ಕೇರಳಕ್ಕೆ ಹೋಯಿತು, 1984ರಲ್ಲಿ ಜಿಲ್ಲೆಯಾಯಿತು. ಚಂದ್ರಗಿರಿ ಹೊಳೆಯ ಉತ್ತರದ ಭಾಗ ಮೈಸೂರಿಗೆ ಸೇರಲಿ ಎಂದು ಇದೇ ಮಹಾಜನ್ ಹೇಳಿದ್ದರು. ಕೇರಳ ಒಪ್ಪಲಿಲ್ಲ, ಜಾರಿಯೂ ಆಗಲಿಲ್ಲ. ಕಾಸರಗೋಡಿನ ಬಗ್ಗೆ ಬರೆಯುವಾಗ 'ಇದು ಕರ್ನಾಟಕದ ಭಾಗ' ಎಂದು ಬರೆಯೋಕೆ ನಮಗೆ ತುಂಬಾ ಆಸೆ. ಅದೇ ಧಾಟಿಯಲ್ಲಿ ಯಾರಾದರೂ ಬೆಳಗಾವಿ ಪುಟದಲ್ಲಿ 'ಇದು ಮಹಾರಾಷ್ಟ್ರದ ಭಾಗ' ಎಂದು ಬರೆದರೆ? ರಾತ್ರೋರಾತ್ರಿ ಹತ್ತು ಜನ ಅಳಿಸೋಕೆ ಓಡ್ತೀವಿ.

ಹಾಗಾಗಿ ನಾನು ಮಾಡ್ಕೊಂಡಿರೋ ಒಂದು ಸುಲಭದ ಪರೀಕ್ಷೆ ಇದು. ಒಂದು ಸಾಲು ಬರೆದ ಮೇಲೆ ಅದರಲ್ಲಿ ಊರಿನ ಹೆಸರು, ರಾಜ್ಯದ ಹೆಸರು ಅದಲು ಬದಲು ಮಾಡಿ ಓದಿ. ಬೆಳಗಾವಿ ಇದ್ದಲ್ಲಿ ಕಾಸರಗೋಡು ಹಾಕಿ, ಕರ್ನಾಟಕ ಇದ್ದಲ್ಲಿ ಕೇರಳ ಹಾಕಿ. ಆಗಲೂ ಆ ಸಾಲು ನ್ಯಾಯ ಅನ್ನಿಸಿದರೆ ಬಿಡಿ, ಮೈ ಉರಿದರೆ ತೆಗೀರಿ. 'ಬೆಳಗಾವಿ ಕರ್ನಾಟಕದ ಒಂದು ಜಿಲ್ಲೆ, ಇದರ ಕೆಲವು ಭಾಗಗಳು ತನಗೆ ಸೇರಬೇಕೆಂದು ಮಹಾರಾಷ್ಟ್ರ ಕೇಳುತ್ತಿದೆ.' 'ಕಾಸರಗೋಡು ಕೇರಳದ ಒಂದು ಜಿಲ್ಲೆ, ಇದರ ಉತ್ತರ ಭಾಗ ಕರ್ನಾಟಕಕ್ಕೆ ಸೇರಬೇಕೆಂದು ಮಹಾಜನ್ ಆಯೋಗ ಹೇಳಿತ್ತು.' ಎರಡೂ ಒಂದೇ ಅಚ್ಚಿನ ಸಾಲು. ಯಾರಿಗೂ ಪೂರ್ತಿ ಖುಷಿ ಇಲ್ಲ, ಆದರೆ ಸುಳ್ಳು ಅನ್ನೋಕೆ ಯಾರಿಗೂ ಆಗಲ್ಲ.

ತಟಸ್ಥ ಅಂದ್ರೆ ಐವತ್ತು ಐವತ್ತು ಹಂಚೋದು ಅಂತ ಬಹಳ ಜನ ತಿಳ್ಕೊಂಡಿದ್ದಾರೆ. ಹಾಗಲ್ಲ. ಬೆಳಗಾವಿಯಲ್ಲಿ ಇವತ್ತು ಆಡಳಿತ ಯಾರದ್ದು ಎಂಬುದರಲ್ಲಿ ಎರಡು ಅಭಿಪ್ರಾಯ ಇಲ್ಲ. 2012ರಲ್ಲಿ ಸುವರ್ಣ ವಿಧಾನಸೌಧ ಉದ್ಘಾಟನೆ ಆಗಿದೆ, ಅಲ್ಲಿ ಅಧಿವೇಶನ ನಡೆಯುತ್ತೆ. ಇದನ್ನು ನೇರವಾಗಿ ಹೇಳಬೇಕು, 'ಕೆಲವರ ಪ್ರಕಾರ' ಅಂತ ಸೇರಿಸೋದು ಮೂರ್ಖತನ. ಯಾವುದು ಸೇರಬೇಕಿತ್ತು, ಯಾವುದು ಅನ್ಯಾಯ ಎಂಬುದು ವಾದ. ವಾದವನ್ನು ಯಾರ ವಾದ ಅಂತ ಹೆಸರು ಹೇಳಿಯೇ ಬರೆಯಬೇಕು. ವಾಸ್ತವಕ್ಕೆ ಉಲ್ಲೇಖ, ವಾದಕ್ಕೆ ವಾರಸುದಾರ. ನಾನು ಇಷ್ಟು ದಿನದಲ್ಲಿ ಕಲಿತಿದ್ದು ಇಷ್ಟೇ.

ಹೆಸರಿನ ಜಗಳವೂ ಹೀಗೇ. 2014ರ ನವೆಂಬರ್ 1ರಂದು ಬೆಲ್ಗಾಂ ಅಧಿಕೃತವಾಗಿ ಬೆಳಗಾವಿ ಆಯಿತು, ಮರಾಠಿಯವರು ಬೆಳಗಾವ್ ಅಂತಾರೆ. ಇದೇನು ನಮ್ಮಲ್ಲಿ ಇಲ್ವಾ? ಪಾಂಡವಪುರಕ್ಕೆ ಹಿಂದೆ ಹಿರೋಡೆ ಅಂತಿದ್ದರು. ಹೈದರ್, ಟಿಪ್ಪು ಕಾಲದಲ್ಲಿ ಫ್ರೆಂಚ್ ಸೈನಿಕರು ಬೀಡು ಬಿಟ್ಟಿದ್ದರಿಂದ ಬ್ರಿಟಿಷರ ಕಾಗದಗಳಲ್ಲಿ ಅದು ಫ್ರೆಂಚ್ ರಾಕ್ಸ್. ಕೆ.ಆರ್. ಪೇಟೆ ಅತ್ತಿಗುಪ್ಪೆಯಾಗಿತ್ತು, ಶ್ರೀರಂಗಪಟ್ಟಣ ಸೆರಿಂಗಪಟಂ ಆಗಿತ್ತು. ಯಾರಾದರೂ ಬಂದು ಪುಟದ ತಲೆಬರಹವನ್ನೇ ಫ್ರೆಂಚ್ ರಾಕ್ಸ್ ಅಂತ ಮಾಡಿದರೆ ಸುಮ್ಮನಿರಲ್ಲ. ಆದರೆ ಇತಿಹಾಸದ ಭಾಗದಲ್ಲಿ ಅದು ಇದ್ದರೆ ಪಾಂಡವಪುರಕ್ಕೇನೂ ನಷ್ಟ ಇಲ್ಲ, ಹಳೇ ದಾಖಲೆ ಹುಡುಕೋನಿಗೆ ಉಪಕಾರ. ಪೋಲೆಂಡಿನ ಗ್ಡಾನ್ಸ್ಕ್ ಊರಿಗೆ ಜರ್ಮನ್ನರು ಡಾನ್ಜಿಗ್ ಅಂತಾರೆ. ಅದಕ್ಕೆ ಯಾವ ಹೆಸರು ಬರೀಬೇಕು ಅಂತ ಇಂಗ್ಲಿಷ್ ವಿಕಿಪೀಡಿಯದವರು ಕಿತ್ತಾಡಿ, 2005ರಲ್ಲಿ ಮತ ಹಾಕಿ ತೀರ್ಮಾನ ಮಾಡಿದರು. 1308ರಿಂದ 1945ರವರೆಗಿನ ಕಾಲದ ಬಗ್ಗೆ ಬರೆದರೆ ಡಾನ್ಜಿಗ್, ಉಳಿದದ್ದಕ್ಕೆ ಗ್ಡಾನ್ಸ್ಕ್. ಎರಡು ದೇಶ ಯುದ್ಧ ಮಾಡಿದ ಊರಿಗೇ ದಾರಿ ಸಿಕ್ಕಿದೆ ಅಂದ್ಮೇಲೆ ನಮಗೆ ಸಿಗಲ್ವಾ?

ನಮ್ಮ ಸಂಘದಲ್ಲಿ ಇದನ್ನೆಲ್ಲ ಹೇಳಿದಾಗ ಒಬ್ಬ ಸೀನಿಯರ್ ಕೇಳಿದ್ರು: "ಅವರ ಕಡೆಯವರು ಬೇಕಾದ್ದು ಬರ್ಕೊಂಡು ಹೋಗ್ತಾರೆ, ನೀನೊಬ್ಬ ಹರಿಶ್ಚಂದ್ರ ಆಗಿ ಏನ್ ಗುರು ಮಾಡ್ತೀಯ?" ಇದು ತಳ್ಳಿಹಾಕೋ ಪ್ರಶ್ನೆ ಅಲ್ಲ. ನಾಲೆ ಒಣಗಿದಾಗ, ಭಾಷೆಗಾಗಿ ಏಟು ತಿಂದಾಗ, ಇನ್ನೊಬ್ಬರ ವಾದವನ್ನೂ ನಮ್ಮ ಕೈಯಾರೆ ಬರೆಯೋದು ಸೋತ ಹಾಗೇ ಅನ್ನಿಸುತ್ತೆ. ರಸ್ತೆಯಲ್ಲಿ ಕೂತ ನನ್ನ ಮಾವನಿಗೆ ತಟಸ್ಥವಾಗಿರಿ ಅಂತ ನಾನು ಹೇಳಲ್ಲ, ಹೇಳೋ ಹಕ್ಕೂ ನನಗಿಲ್ಲ. ಅವರು ಹೋರಾಟಗಾರರು, ಪಕ್ಷ ವಹಿಸಲೇಬೇಕು. ಆದರೆ ವಿಶ್ವಕೋಶದ ಪುಟ ರಸ್ತೆಯಲ್ಲ. ಹೋರಾಟಗಾರನೂ ನಾಳೆ ವಕೀಲನ ಹತ್ತಿರ ಹೋಗುವಾಗ ಬೇಕಾಗೋದು ಸರಿಯಾದ ತಾರೀಖು, ಸರಿಯಾದ ಟಿಎಂಸಿ, ಸರಿಯಾದ ಪುಟ ಸಂಖ್ಯೆ. ನಾವು ಉಬ್ಬಿಸಿ ಬರೆದ ಒಂದು ಸಾಲು ಸುಳ್ಳು ಅಂತ ಗೊತ್ತಾದ ದಿನ, ಪಕ್ಕದಲ್ಲಿರೋ ನಾಲ್ಕು ನಿಜವಾದ ಸಾಲುಗಳನ್ನೂ ಯಾರೂ ನಂಬಲ್ಲ. ಅವರು ಸುಳ್ಳು ಬರೆದರೆ ಅದನ್ನು ತೆಗೆಸೋಕೂ ಬೇಕಾಗೋದು ಉಲ್ಲೇಖವೇ, ಕೋಪ ಅಲ್ಲ. ಕೋಪದಿಂದ ನಾನು ತೆಗೆಸಿದ್ದು ಒಂದೂ ಇಲ್ಲ.

ಕನ್ನಡದಲ್ಲಿ ಇದು ಇನ್ನೂ ಮುಖ್ಯ. ಕನ್ನಡ ವಿಕಿಪೀಡಿಯ 2003ರಲ್ಲಿ ಶುರುವಾಯಿತು. ಇಂಗ್ಲಿಷ್ ಪುಟದಲ್ಲಿ ತಪ್ಪು ಬರೆದರೆ ಹತ್ತು ನಿಮಿಷದಲ್ಲಿ ನನ್ನನ್ನು ಹಿಡಿದರು. ಕನ್ನಡದಲ್ಲಿ ಕಾಯೋರು ಕಡಿಮೆ. ಒಂದು ತಪ್ಪು ಸಾಲು ವರ್ಷಗಟ್ಟಲೆ ಹಾಗೇ ಕೂತಿರಬಹುದು. ಅಷ್ಟರಲ್ಲಿ ಅದನ್ನು ಯಾರೋ ಸ್ಪರ್ಧಾತ್ಮಕ ಪರೀಕ್ಷೆಯ ನೋಟ್ಸಿಗೆ ಹಾಕ್ತಾರೆ, ಯಾರೋ ರೀಲ್ಸ್ ಮಾಡ್ತಾರೆ. ನಾವು ಅಸೈನ್‌ಮೆಂಟ್‌ಗೆ ಕೇಳೋ ಚಾಟ್‌ಬಾಟ್‌ಗಳು ಕಲಿಯೋದೂ ಇಂಥ ಪುಟಗಳಿಂದಲೇ. ಕನ್ನಡದಲ್ಲಿ ಇರೋದೇ ಸ್ವಲ್ಪ ಪಠ್ಯ, ಅದರಲ್ಲೂ ಅರ್ಧ ಜೈಕಾರ ಆದರೆ ಮುಂದಿನವರಿಗೆ ಏನು ಉಳಿಯುತ್ತೆ?

ಏನು ಮಾಡಬಹುದು? ಸೀದಾ ಬೆಳಗಾವಿ ಪುಟಕ್ಕೆ ನುಗ್ಗಬೇಡಿ, ನಾನು ನುಗ್ಗಿ ಅನುಭವಿಸಿದ್ದೀನಿ. ನಿಮ್ಮೂರಿಂದ ಶುರು ಮಾಡಿ. ಮೈಸೂರು ವಿಶ್ವವಿದ್ಯಾನಿಲಯ ಪ್ರಕಟಿಸಿದ ಎಪಿಗ್ರಾಫಿಯ ಕರ್ನಾಟಿಕದ ಪರಿಷ್ಕೃತ ಆವೃತ್ತಿಯಲ್ಲಿ 6ನೇ ಸಂಪುಟ ಕೆ.ಆರ್. ಪೇಟೆ, ಪಾಂಡವಪುರ, ಶ್ರೀರಂಗಪಟ್ಟಣದ ಶಾಸನಗಳದ್ದು. 7ನೆಯದರಲ್ಲಿ ನಾಗಮಂಗಲ ಇದೆ. ಜಿಲ್ಲಾ ಗೆಜೆಟಿಯರ್ ಇದೆ, ಜನಗಣತಿಯ ಕೋಷ್ಟಕಗಳಿವೆ. ಅಜ್ಜಿ ಹೇಳಿದ ಸ್ಥಳಪುರಾಣ ಬಂದರೆ 'ಸ್ಥಳೀಯರ ನಂಬಿಕೆಯಂತೆ' ಎಂದು ಬರೆದು, ಅದನ್ನು ದಾಖಲಿಸಿದ ಪುಸ್ತಕ ತೋರಿಸಿ. ಪುಸ್ತಕ ಇಲ್ಲದಿದ್ದರೆ ಸದ್ಯಕ್ಕೆ ಬಿಡಿ, ಅದನ್ನು ಬರೆಯೋಕೆ ನಮ್ಮ ಈ ಪತ್ರಿಕೆಯೇ ಇದೆ. ಹೀಗೆ ಜಗಳವಿಲ್ಲದ ಪುಟದಲ್ಲಿ ಉಲ್ಲೇಖ ಕೊಡೋ ಅಭ್ಯಾಸ ಆದವರಿಗೆ ಮಾತ್ರ ಜಗಳದ ಪುಟದಲ್ಲಿ ಕೈ ನಡುಗಲ್ಲ. ಯಾರಾದರೂ ನೀವು ಬರೆದಿದ್ದು ಅಳಿಸಿದರೆ ವಾಪಸ್ ಹಾಕೋ ಮೊದಲು ಚರ್ಚೆ ಪುಟಕ್ಕೆ ಹೋಗಿ ಕೇಳಿ. ಒಂದು ಪುಟದಲ್ಲಿ ಒಂದು ದಿನಕ್ಕೆ ಮೂರು ಸಲಕ್ಕಿಂತ ಹೆಚ್ಚು ವಾಪಸ್ ಹಾಕಿದರೆ ಇಂಗ್ಲಿಷ್‌ನಲ್ಲಿ ಖಾತೆಯೇ ಬ್ಲಾಕ್ ಆಗಬಹುದು.

ಈ ಸೆಮಿಸ್ಟರ್ ಸಂಘದಿಂದ ಒಂದು ಶನಿವಾರ ಲೈಬ್ರರಿಯಲ್ಲಿ ಕೂರೋಣ ಅನ್ನೋದು ನನ್ನ ಬೇಡಿಕೆ. ಬೆಳಗಾವಿ ಕಡೆಯವರು, ಮನೇಲಿ ಮರಾಠಿ, ಮಲಯಾಳಂ, ತುಳು, ತಮಿಳು ಮಾತಾಡೋರು ಖಂಡಿತ ಬನ್ನಿ. ನೀವಿಲ್ಲದೆ ನಮ್ಮ ತಪ್ಪು ನಮಗೆ ಕಾಣಲ್ಲ.

ಹಿಂದಿನ ಹಬ್ಬಕ್ಕೆ ಊರಿಗೆ ಹೋದಾಗ ಕಾವೇರಿ ಪುಟವನ್ನು ಮಾವನಿಗೆ ಓದಿ ಹೇಳಿದೆ. ನನ್ನ ಮೂರು ಸಾಲು ಅದರಲ್ಲಿ ಇಲ್ಲ. 1974ರದ್ದೂ ಹೇಳಿದೆ, ಬಲವಂತದ ವಾದ ಬಿದ್ದುಹೋದದ್ದೂ ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಹಂಗಾರೆ ಕೋಲ್ಟು ನಮ್ಗೂ ಅಂದದೆ, ಅವರ್ಗೂ ಅಂದದೆ" ಅಂದ್ರು. ಆಮೇಲೆ, "ಆ 284 ಅನ್ನೋದು ಯಾವ ಪೇಜಲ್ಲದೆ, ಬರ್ಕೊಡು. ಸಂಘದೋರ್ಗೆ ತೋರಿಸ್ಬೇಕು" ಅಂದ್ರು.

ಎರಡು ವರ್ಷದಲ್ಲಿ ನನ್ನ ಬರವಣಿಗೆಯಿಂದ ಒಬ್ಬ ರೈತನಿಗೆ ಉಪಯೋಗ ಆಗಿದ್ದು ಅದೊಂದೇ, ಒಂದು ಪುಟ ಸಂಖ್ಯೆ.